ಮೊದಲನೆಯದು ಬೀಳುವವರೆಗೆ

ಕಾಲೇಜಿನ ಒಳಾಂಗಣ ಕ್ರೀಡಾಂಗಣದ ಮುಂಬಾಗಿಲಿನ ಹತ್ತಿರವೇ ಕಾರು ನಿಲ್ಲಿಸಲು ಜಾಗವಿತ್ತು. ಆದರೂ ಮಾರ್ಲಾ ಅದನ್ನು ದಾಟಿ ಹೋಗಿ, ರಸ್ತೆಯಾಚೆ ಚರ್ಚಿನ ಹಿಂಬದಿಯಲ್ಲಿ, ಗುಡ್ಡೆ ಹಾಕಿದ್ದ ಹಿಮದ ಪಕ್ಕ ನಿಲ್ಲಿಸಿದಳು. ಯಾರೂ ನೋಡುತ್ತಿರಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಎರಡೆರಡು ಸಲ ತಿರುಗಿ ಖಚಿತ ಮಾಡಿಕೊಂಡದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮೈಮೇಲಿದ್ದದ್ದು ಕಪ್ಪು ಉಣ್ಣೆಯ ಕೋಟು. ಬೆಳಿಗ್ಗೆ ಬೀರು ತೆರೆದು ನಿಂತಾಗ ಅವಳಿಗೆ ಗೊತ್ತಾಗಿತ್ತು: ಎದೆಯ ಮೇಲೆ ತಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಹೆಸರಿಲ್ಲದ ಕೋಟು ತನ್ನಲ್ಲಿ ಇರುವುದು ಒಂದೇ, ಅಮ್ಮನ ಮಣ್ಣಿಗೆ ಹೋದಾಗ ಹಾಕಿಕೊಂಡದ್ದು. ಅದರ ಜೇಬಿನಲ್ಲಿ ಆವತ್ತಿನ ಪುದೀನ ಪೆಪ್ಪರಮೆಂಟು ಇನ್ನೂ ಕಾಗದಕ್ಕೆ ಅಂಟಿಕೊಂಡಿತ್ತು. ಆ ಪೆಪ್ಪರಮೆಂಟನ್ನು ಬೆರಳಲ್ಲಿ ಉರುಳಿಸುತ್ತಾ ರಸ್ತೆ ದಾಟಿದಳು. ಎಡಮಂಡಿ ಚಳಿಗೆ ಬಿಗಿದುಕೊಂಡಿತ್ತು. ಮೂರು ಗಂಟೆ ಕಾರು ಓಡಿಸಿದರೆ ಅದು ಹಾಗೇ. ವಿಮಾನ ಇಳಿಯುವ ಊರಿನಿಂದ ಇಲ್ಲಿಗೆ ಮೂರು ಗಂಟೆ, ಎಂದು ಮನಸ್ಸು ತಾನಾಗಿ ಲೆಕ್ಕದ ಒಂದು ಗೀಟು ಎಳೆದುಕೊಂಡಿತು. ಕೆಟ್ಟ ಗುರುತು. ತಂಡಕ್ಕೆ ಸೇರಿದ ಮಗಳನ್ನು ನೋಡಲು ಬರುವ ಅಪ್ಪ ಅಮ್ಮ ಇಷ್ಟು ದೂರವೆಂದರೆ ಹಿಂದೆಮುಂದೆ ನೋಡುತ್ತಾರೆ.

ಗೀಟು ಎಳೆಯುವುದಕ್ಕೇ ಬಂದಿದ್ದಳು ಅವಳು. ಈ ಡನ್‌ಮೋರ್ ಕಾಲೇಜಿನ ಕ್ರೀಡಾ ನಿರ್ದೇಶಕ ಗ್ಯಾರೆಟ್ ಲಿಂಡಾಲ್ ಎರಡು ವಾರದ ಹಿಂದೆ ಫೋನು ಮಾಡಿದ್ದ. ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮಾರ್ಚಿನಲ್ಲಿ ಹೊಸ ಮುಖ್ಯ ಕೋಚ್ ಬೇಕಾಗುತ್ತಾರೆ, ಸುದ್ದಿ ಹೊರಗೆ ಬೀಳುವ ಮುಂಚೆ ನೀವೊಮ್ಮೆ ಸುಮ್ಮನೆ ಬಂದು ಒಂದು ಆಟ ನೋಡಿ, ಆಮೇಲೆ ನನ್ನ ಕೋಣೆಯಲ್ಲಿ ಕೂತು ಮಾತಾಡೋಣ, ಅಂದಿದ್ದ. ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಹತ್ತೊಂಬತ್ತು ವರ್ಷ ಸಹಾಯಕ ಕೋಚ್ ಆಗಿ ಕೂತವಳಿಗೆ ಇಂಥ ಫೋನು ಮೂರು ಸಲ ಬಂದಿತ್ತು. ಮೂರು ಸಲವೂ ಅವಳು ಕೊನೆಯ ಇಬ್ಬರಲ್ಲಿ ಎರಡನೆಯವಳು. ಮೊದಲನೆಯವನನ್ನು ಮೊದಲೇ ಗೊತ್ತು ಮಾಡಿಕೊಂಡು, ಪಂಕ್ತಿ ಚೆನ್ನಾಗಿ ಕಾಣಲಿ ಅಂತ ಇವಳಿಗೂ ಒಂದು ಎಲೆ ಹಾಕಿದ್ದರು. ಈ ಸಲ ಹಾಗಲ್ಲ. ಈ ಸಲ ನಿರ್ದೇಶಕ ಕರೆದದ್ದು ಅವಳೊಬ್ಬಳನ್ನೇ. ವಯಸ್ಸು ಐವತ್ತೊಂದು. ಇನ್ನೊಂದು ಸಲ ಯಾರೂ ಕರೆಯುವುದಿಲ್ಲ ಎಂಬುದು ಅವಳಿಗೆ ಮಂಡಿಯ ನೋವಿನಷ್ಟೇ ಸ್ಪಷ್ಟವಾಗಿ ಗೊತ್ತಿತ್ತು.

ಆದರೆ ಆ ಕೆಲಸದಲ್ಲಿ ಈಗ ಇರುವವಳು ಕಾನಿ ಸೊರೆನ್ಸನ್. ಕೋಚುಗಳ ಲೋಕದಲ್ಲಿ ಎಲ್ಲೂ ಬರೆದಿಡದ ಒಂದು ಮಾತಿದೆ: ಕುರ್ಚಿಯಲ್ಲಿ ಒಬ್ಬರು ಕೂತಿರುವಾಗ ಹೋಗಿ ಅದರ ಉದ್ದಗಲ ಅಳೆಯಬಾರದು. ಅದು ಉಸಿರಾಡುವವರ ಪಕ್ಕ ನಿಂತು ಶವದ ಪೆಟ್ಟಿಗೆಗೆ ಅಳತೆ ತೆಗೆದಂತೆ. ಬೇಸಿಗೆಯ ಪಂದ್ಯಗಳಲ್ಲಿ ಹೋಟೆಲಿನ ಬಾರಿನಲ್ಲಿ ಕೂತು ಒಳ್ಳೆಯ ಕೆಲಸ ಯಾವುದು, ಕೆಟ್ಟ ಕೆಲಸ ಯಾವುದು, ಹೋದವರ ಮೂಳೆಯೂ ಸಿಗದ ಕೆಲಸ ಯಾವುದು ಅಂತ ನಗಾಡುವ ಸಹಾಯಕರು ಕೂಡ ಇಂಥದ್ದು ಮಾಡಿದವರ ಹೆಸರು ಬಂದಾಗ ದನಿ ತಗ್ಗಿಸುತ್ತಾರೆ. ಅದೂ ಅಲ್ಲದೆ ಕಾನಿ ಬೇರೆ ಯಾರೋ ಅಲ್ಲ. ಆಗ ಬೇರೊಂದು ಕಾಲೇಜಿನಲ್ಲಿ, ಹದಿನೆಂಟರ ಮಾರ್ಲಾಳಿಗೆ ಚೆಂಡು ಕೈಗೆ ಬರುವ ಮುಂಚೆ ಕಾಲು ಎಲ್ಲಿರಬೇಕು ಅಂತ ಕಲಿಸಿದವಳು. ಕಾನಿಯ ನಂಬರು ಮಾರ್ಲಾಳ ಫೋನಿನಲ್ಲಿತ್ತು. ಎರಡು ವಾರ ಅದು ಅಲ್ಲೇ ಇತ್ತು. "ಕಾನಿಗೆ ಎಲ್ಲಾ ಗೊತ್ತಿದೆ ಮಾರ್ಲಾ, ಅವರಿಗೇ ಸಾಕಾಗಿದೆ, ಗೌರವದಿಂದ ಇಳೀತಾರೆ," ಎಂದಿದ್ದ ಲಿಂಡಾಲ್. ಅವಳು ನಂಬಿದ್ದಳು. ನಂಬಿದರೆ ಫೋನು ಮಾಡಬೇಕಾಗಿರಲಿಲ್ಲ.

ಒಳಗೆ ಪಾಪ್‌ಕಾರ್ನಿನ, ಒದ್ದೆ ಉಣ್ಣೆಯ, ಕುದಿಯುವ ಚಿಲಿಯ ವಾಸನೆ. ಬಟ್ಟಲು ತುಂಬ ಚಿಲಿ, ಮಾಂಸ ಕಾಳು ಹಾಕಿದ ಖಾರದ ಗಟ್ಟಿ ಸಾರು, ಅದರ ಪಕ್ಕ ದಾಲ್ಚಿನ್ನಿಯ ಸಿಹಿ ರೋಲು, ಶಾಲೆಯ ಊಟದ ಮನೆಯಲ್ಲಿ ಇಟ್ಟ ಹಾಗೆಯೇ. ಮಾರ್ಲಾ ತಟ್ಟೆ ಹಿಡಿದುಕೊಂಡು ನೋಡುವವರು ಕೂರುವ ಮೆಟ್ಟಿಲುಗಳ ಮೇಲಿನ ಕೊನೆಯ ಸಾಲಿಗೆ ಹತ್ತಿದಳು. ಕಣ್ಣು ತನ್ನ ಪಾಡಿಗೆ ಕೆಲಸ ಶುರುಮಾಡಿತ್ತು. ಮರದ ನೆಲ ಹಳೆಯದು, ಆದರೆ ಕೆಟ್ಟಿಲ್ಲ. ಒಂದು ಮೂಲೆಯಲ್ಲಿ ವಾಲಿಬಾಲಿನ ಕಂಬಗಳು, ಅಂದರೆ ಅಭ್ಯಾಸದ ಜಾಗ ಹಂಚಿಕೊಂಡದ್ದು, ಬೆಳಿಗ್ಗೆ ಐದಕ್ಕೆ ಹುಡುಗಿಯರನ್ನು ಎಬ್ಬಿಸಬೇಕು. ಚಾವಣಿಯಿಂದ ತೂಗುವ ಬಾವುಟಗಳಲ್ಲಿ ಹೊಸದು ಅನ್ನುವುದರ ಬಣ್ಣವೂ ಮಾಸಿತ್ತು. ಇಲ್ಲಿಂದ ದೊಡ್ಡ ಕಡೆಗೆ ಹೋದ ಕೋಚ್ ಒಬ್ಬರೂ ಇಲ್ಲ. ಬಂದವರು ಇಲ್ಲೇ ನರೆತರು, ಇಲ್ಲವೇ ಇಲ್ಲಿಂದ ತೆಗೆಸಿಕೊಂಡರು. ಸುತ್ತ ನಾಲ್ಕು ಜಿಲ್ಲೆಯಲ್ಲಿ ಜೋಳ, ದನ, ಗಾಳಿ. ಎತ್ತರದ ಹುಡುಗಿ ಒಬ್ಬಳು ಹುಟ್ಟಿದರೆ ಅವಳನ್ನು ಹನ್ನೆರಡು ವರ್ಷಕ್ಕೇ ಯಾರೋ ಪಟ್ಟಣದವರು ಕಂಡುಹಿಡಿದಿರುತ್ತಾರೆ; ಮಾರ್ಲಾ ತಾನೇ ಎಷ್ಟು ಮಂದಿಯನ್ನು ಹಾಗೆ ಇಂಥ ಊರುಗಳ ಬಾಯಿಂದ ಕಿತ್ತುಕೊಂಡು ಹೋಗಿದ್ದಾಳೆ. ಗೀಟಿನ ಮೇಲೆ ಗೀಟು. ಎಲ್ಲ ಕೂಡಿಸಿದರೆ ಬಾರಿನಲ್ಲಿ ನಗುವಂಥ ಕೆಲಸ. ಆದರೂ ಕೂಡಿಸುವುದನ್ನು ಅವಳು ನಿಲ್ಲಿಸಲಿಲ್ಲ. ಬೇರೆಯವರ ಮದುವೆಯ ಸೀರೆಯನ್ನು ಕದ್ದು ಮುಟ್ಟಿ ನೋಡಿ, ನೇಯ್ಗೆ ಅಷ್ಟಕ್ಕಷ್ಟೇ ಅಂದುಕೊಳ್ಳುತ್ತಲೇ ಕೈ ಬಿಡದವರ ಹಾಗೆ.

"ಬಿಸಿಬಿಸಿ ತಿನ್ನೋಕೆ ಶುರು ಮಾಡ್ಬೇಡಿ ತಾಯಿ, ಎದ್ದು ನಿಲ್ಬೇಕು ಈಗ," ಎಂದಿತು ಪಕ್ಕದ ದನಿ. ಎಂಬತ್ತರ ಹತ್ತಿರದ ಹೆಂಗಸು, ಕಾಲೇಜಿನ ಹಸಿರು ಬಣ್ಣದ ದಿಂಬಿನ ಮೇಲೆ ಕೂತವಳು. ತನ್ನ ಹೆಸರು ಆರ್ಡಿತ್ ಅಂತ ಕೇಳದೆಯೇ ಹೇಳಿದಳು. "ಮೊದಲನೇ ಸಲ ಅಲ್ವಾ? ಮುಖ ನೋಡಿದ್ರೇ ಗೊತ್ತಾಗತ್ತೆ. ನಮ್ಮ ಹುಡುಗೀರು ಮೊದಲನೇ ಬುಟ್ಟಿ ಹಾಕೋವರೆಗೂ ಇಲ್ಲಿ ಯಾರೂ ಕೂರಲ್ಲ."

"ನಿಮ್ಮ ಸೊಂಟ—" ಎಂದಳು ಮಾರ್ಲಾ, ಆರ್ಡಿತ್ ಕಂಬಿ ಹಿಡಿದು ಏಳುವ ಪಾಡು ನೋಡಿ.

"ಹೊಸದು. ಅಕ್ಟೋಬರಲ್ಲಿ ಆಪರೇಷನ್ ಮಾಡಿಸಿ ಕೀಲು ಹಾಕಿಸ್ಕೊಂಡೆ. ಆಟ ಶುರು ಆಗೋಕೆ ಮುಂಚೆ ಆಗ್ಬೇಕು ಅಂತ ಡಾಕ್ಟರಿಗೆ ಮೊದಲೇ ಹೇಳಿದ್ದೆ. ಹಳೇದೂ ಇಲ್ಲಿ ನಿಂತೂ ನಿಂತೂ ಸವೆದದ್ದೇ."

ಎಲ್ಲರೂ ಎದ್ದರು. ಮಾರ್ಲಾಳೂ ಎದ್ದಳು, ತಟ್ಟೆಯನ್ನು ಕಾಲ ಬಳಿ ಇಟ್ಟು. ಚಪ್ಪಾಳೆ ಒಂದೇ ಲಯದಲ್ಲಿ ಶುರುವಾಯಿತು. ಹಸಿರು ಅಂಗಿಯ ಹುಡುಗಿಯರು ಮೊದಲ ಚೆಂಡು ಎಸೆದರು, ಬೀಳಲಿಲ್ಲ. ಎರಡನೆಯದು ಹಲಗೆಗೆ ಬಡಿದು ಹೊರಬಂತು. ಎದುರಾಳಿಗಳು ಆರು ಪಾಯಿಂಟು ಮಾಡಿದರು, ಎಂಟು ಮಾಡಿದರು. ಚಪ್ಪಾಳೆ ನಿಲ್ಲಲಿಲ್ಲ. ಜೋರಾಗಲೂ ಇಲ್ಲ. ಹಟ್ಟಿಯಲ್ಲಿ ಹಾಲು ಕರೆಯುವವರ ಕೈಯಂತೆ ಅದು ಅದೇ ಲಯದಲ್ಲಿ ಹೋಗುತ್ತಿತ್ತು. ಕೆಳಗೆ ಕಾನಿ. ನೋಡಬಾರದು ಅಂದುಕೊಂಡಿದ್ದ ಕಡೆಗೇ ಕಣ್ಣು ಹೋಯಿತು. ಕೂದಲು ಪೂರ್ತಿ ಬೆಳ್ಳಗಾಗಿದೆ, ಆದರೆ ನಿಲುವು ಅದೇ: ಎರಡೂ ಕೈ ಹಿಂದೆ, ಸ್ವಲ್ಪ ಮುಂದಕ್ಕೆ ಬಾಗಿ, ಬೇಲಿಯಾಚೆಗಿನ ಕರುವನ್ನು ಕರೆಯುವವಳ ಹಾಗೆ. ನಡುವೆ ಹಸಿರು ಅಂಗಿಯ ಒಬ್ಬಳಿಗೆ ಅಡ್ಡಿ ಮಾಡಿದರೆಂದು ಸೀಟಿ ಊದಿ, ಅವಳಿಗೆ ಗೀಟಿನ ಹಿಂದೆ ಒಂಟಿಯಾಗಿ ನಿಂತು ಎಸೆಯುವ ಅವಕಾಶ ಕೊಟ್ಟರು. ಚೆಂಡು ಬಿತ್ತು. ಒಂದು ಪಾಯಿಂಟು. ಎದುರುಗಡೆಯ ಮೆಟ್ಟಿಲುಗಳಲ್ಲಿದ್ದವರೆಲ್ಲ ಉಸ್ಸಪ್ಪಾ ಎಂದು ಕೂತುಬಿಟ್ಟರು. ಮಾರ್ಲಾಳ ಮಂಡಿ ತಾನಾಗಿಯೇ ಮಡಚಿಕೊಳ್ಳಲು ಹೋಯಿತು. ಆರ್ಡಿತ್ ಅವಳ ತೋಳು ಹಿಡಿದಳು.

"ಎಲ್ಲಿಗೆ? ಅದು ಲೆಕ್ಕಕ್ಕಿಲ್ಲ."

"ಅವರು ಕೂತರಲ್ಲ."

"ಅವರೂ ನಮ್ಮೂರವರೇ, ಆದ್ರೆ ಆ ಕಡೆಯವರಿಗೆ ಒಂದು ಪಾಯಿಂಟೂ ಸಾಕು. ಅವರು ಮದುವೇಲೂ ಮೊದಲು ಕೂತ್ಬಿಡ್ತಾರೆ. ನಲವತ್ತು ವರ್ಷದಿಂದ ಇದೇ ಜಗಳ. ನನ್ನ ತಂಗಿ ಆ ಕಡೆ ಮದುವೆಯಾಗಿ ಹೋದ್ಳು, ನೋಡಿ, ಆ ನೀಲಿ ಟೋಪಿ, ಕೂತ್ಬಿಟ್ಟಿದಾಳೆ ನಾಚ್ಕೆ ಇಲ್ದೆ. ಒಂಟಿಯಾಗಿ ನಿಲ್ಲಿಸಿ, ಯಾರೂ ಅಡ್ಡ ಬರದ ಹಾಗೆ ಮಾಡಿ, ತಗೋ ಹಾಕು ಅಂತ ಕೊಟ್ಟದ್ದು ಬುಟ್ಟೀನಾ? ಆಟದೊಳಗಿಂದ ಬೀಳ್ಬೇಕು."

ಮಾರ್ಲಾ ನಿಂತಳು. ನಿಂತು ನೋಡುವುದು ಅವಳಿಗೆ ರೂಢಿ ತಪ್ಪಿಹೋಗಿತ್ತು. ಅವಳ ವಿಶ್ವವಿದ್ಯಾಲಯದ ಬೆಂಚಿನಲ್ಲಿ ನಿಲ್ಲುವವನು ಒಬ್ಬನೇ, ಮುಖ್ಯ ಕೋಚ್ ಕರ್ಟ್. ಉಳಿದವರು ಕೂತಿರಬೇಕು, ನಿಯಮವೂ ಹಾಗೆ, ಕರ್ಟನ ಮರ್ಜಿಯೂ ಹಾಗೆ. ಆಟದ ಬಿಸಿಯಲ್ಲಿ ಅವಳು ಮರೆತು ಎದ್ದಳೆಂದರೆ ಕರ್ಟ್ ತಿರುಗಿ ಕೂಡ ನೋಡುತ್ತಿರಲಿಲ್ಲ. ಅಂಗೈಯನ್ನು ಬೆನ್ನ ಹಿಂದೆ ನೆಲದ ಕಡೆಗೆ ಒತ್ತಿ ತೋರಿಸುತ್ತಿದ್ದ, ನಾಯಿಗೆ ತೋರಿಸುವ ಹಾಗೆ. ಟೀವಿಯಲ್ಲಿ ಒಮ್ಮೆ ಅದು ಬಂದಿತ್ತು. ಅವಳ ಅಕ್ಕನ ಮೊಮ್ಮಗ ಅದನ್ನು ನೋಡಿ ಅಂಗೈ ಒತ್ತಿ ತೋರಿಸಿ, "ಮಾರ್ಲಾ ಅಜ್ಜಿ, ಕೂತ್ಕೋ," ಅಂದು ಕೇಕೆ ಹಾಕಿದ್ದ. ಹಬ್ಬದ ಊಟಕ್ಕೆ ಕೂತಿದ್ದವರೆಲ್ಲ ನಕ್ಕಿದ್ದರು, ಅವಳೂ ನಕ್ಕಿದ್ದಳು, ಟರ್ಕಿ ಕೋಳಿಯ ತುಂಡು ಬಾಯಲ್ಲೇ ಇದ್ದು ನುಂಗಲಾರದೆ. ಈಗ ಮೇಲಿನಿಂದ, ನಿಂತು, ಇಡೀ ಅಂಗಳ ಕಾಣುತ್ತಿತ್ತು. ಎಡಗಡೆಯ ಹಸಿರು ಹುಡುಗಿ ಚೆಂಡನ್ನೇ ನೋಡುತ್ತಾಳೆ, ತಾನು ಕಾಯಬೇಕಾದ ಎದುರಾಳಿಯನ್ನು ಬಿಟ್ಟು. ಮಧ್ಯದವಳು ಎತ್ತರ, ಆದರೆ ಕೈ ಕೆಳಗೆ. ಒಬ್ಬಳಿದ್ದಾಳೆ, ಸಣ್ಣವಳು, ಹನ್ನೊಂದನೇ ನಂಬರು, ಪ್ರತಿಸಲ ಸರಿಯಾದ ಜಾಗಕ್ಕೆ ಒಂದು ಉಸಿರು ಮುಂಚೆಯೇ ಬಂದು ನಿಲ್ಲುತ್ತಾಳೆ, ಚೆಂಡು ಮಾತ್ರ ಅವಳಿಗೆ ಬರುವುದಿಲ್ಲ. ಅವಳಿಗೆ ಕೊಡಿ, ಎಂದು ಮಾರ್ಲಾಳ ಬಾಯಿ ಸದ್ದಿಲ್ಲದೆ ಹೇಳಿತು. ಈ ತಂಡ ನನ್ನದಾಗಿದ್ದರೆ. ಆ ವಾಕ್ಯ ಮುಗಿಯುವ ಮುಂಚೆಯೇ ಅವಳ ಕಣ್ಣು ಕಾನಿಯ ಬೆನ್ನಿನ ಮೇಲೆ ಹೋಗಿ ನಿಂತಿತು.

"ಈ ವರ್ಷ ಕೈತಪ್ಪಿ ಹೋಯ್ತು ಬಿಡಿ," ಎಂದಳು ಆರ್ಡಿತ್, ಚಪ್ಪಾಳೆಯ ಲಯ ತಪ್ಪಿಸದೆ. "ಬರೋ ವರ್ಷ ನೋಡಿ ನಮ್ಮನ್ನ. ರಾವೆನ್ನಾ ಕಡೆ ಒಬ್ಬ ಎಡಗೈ ಹುಡುಗಿ ಇದಾಳೆ, ಆರಡಿ. ನಾಳೆ ಕೋಚೇ ಅವರ ಮನೆಗೆ ಹೋಗ್ತಿದಾರೆ. ಅವರಮ್ಮಂಗೆ ಮಾತು ಕೊಟ್ಟು ಬರ್ತಾರಂತೆ, ನಾಲ್ಕು ವರ್ಷ ನಾನೇ ನೋಡ್ಕೋತೀನಿ ಅಂತ."

"ಯಾರು ಹೇಳಿದ್ರು?"

"ಕೋಚೇ. ಭಾನುವಾರ ಚರ್ಚಲ್ಲಿ. ಏನು ಖುಷಿ ಆಯಮ್ಮಂಗೆ. ನಂಗೆ ಎಪ್ಪತ್ತಾಗೋವರೆಗೂ ನನ್ನ ಇಲ್ಲಿಂದ ಯಾರೂ ಕದಲ್ಸೋಕಾಗಲ್ಲ ಆರ್ಡಿತ್, ಅಂದ್ಳು."

ಚಪ್ಪಾಳೆ ಹೊಡೆಯುತ್ತಿದ್ದ ಮಾರ್ಲಾಳ ಕೈಗಳು ಒಂದಕ್ಕೊಂದು ಸಿಗದೆ ಹೋದವು. ಕಾನಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದು ತನಗೆ ಈಗ ಗೊತ್ತಾಯಿತೋ, ಎರಡು ವಾರದಿಂದ ಗೊತ್ತಿತ್ತೋ. ಲಿಂಡಾಲ್ ಫೋನಿನಲ್ಲಿ ಗೌರವ ಎಂಬ ಮಾತನ್ನು ಹೇಳಿದ ರೀತಿಯಲ್ಲೇ ಅದು ಇರಲಿಲ್ಲವೇ, ಹಲ್ಲಿನ ಡಾಕ್ಟರು ನೋಯಲ್ಲ ಅನ್ನುವ ರೀತಿ. ಸುಮ್ಮನಿದ್ದರಾಯಿತು. ಇನ್ನೊಂದು ಗಂಟೆ ಇಲ್ಲಿ ನಿಂತು, ಕೂತು, ಮೇಲೆ ಅವನ ಕೋಣೆಗೆ ಹೋಗಿ ಕೈಕುಲುಕಿದರೆ ಕೆಲಸ ತನ್ನದು. ಹೇಳಿದರೆ ಹೋಯಿತು. ಹೇಳುವವಳನ್ನು ಯಾವ ನಿರ್ದೇಶಕನೂ ಇಟ್ಟುಕೊಳ್ಳುವುದಿಲ್ಲ, ಹೇಳಿದವಳೆಂಬ ಮಾತು ಬೇಸಿಗೆಯೊಳಗೆ ಎಲ್ಲ ಬಾರುಗಳಿಗೂ ಮುಟ್ಟುತ್ತದೆ. ಕಾನಿ ಮಾರ್ಚಿನಲ್ಲಿ ಹೇಗೂ ಹೋಗುವವಳು. ನಾಳೆ ಅವಳು ಆ ಎಡಗೈ ಹುಡುಗಿಯ ಅಡುಗೆಮನೆಯಲ್ಲಿ ಕೂತು, ಕೊಟ್ಟ ಹಣ್ಣಿನ ಪೈ ತಿಂದು, ತಾಯಿಯ ಕೈಹಿಡಿದು ಮಾತು ಕೊಡುತ್ತಾಳೆ. ಮಾರ್ಚಿನಲ್ಲಿ ಅದೇ ಅಡುಗೆಮನೆಗೆ ಮಾರ್ಲಾ ಹೋಗಬೇಕು. ಅದೇ ಕುರ್ಚಿ. ನಾನು ಬೇರೆಯವಳು, ನನ್ನ ಮಾತು ಬೇರೆ, ಎಂದು ಹೇಳಬೇಕು.

ಆಗ ಬಿತ್ತು. ಹನ್ನೊಂದನೇ ನಂಬರಿನವಳಿಗೆ ಕೊನೆಗೂ ಚೆಂಡು ಸಿಕ್ಕಿ, ಮೂಲೆಯಿಂದ, ಬಲೆಯನ್ನು ಮಾತ್ರ ಮುಟ್ಟಿ. ನಿಟ್ಟುಸಿರಿನಂಥ ಒಂದು ಕೂಗು ಎದ್ದು ಈ ಕಡೆಯ ಸಭೆಯೂ ಕೂತಿತು. ಮಾರ್ಲಾಳಿಗೆ ಅದು ಗೊತ್ತಾಗಲಿಲ್ಲ. ಅವಳು ನೋಡುತ್ತಿದ್ದದ್ದು ಆಚೆ ತುದಿಯನ್ನು. ಚೆಂಡು ತಿರುಗಿ ಆ ಕಡೆ ಹೋಗುತ್ತಿತ್ತು, ಎಡಗಡೆಯ ಹುಡುಗಿ ಮತ್ತೆ ಚೆಂಡಿಗೆ ಕಣ್ಣು ನೆಟ್ಟಿದ್ದಳು, ಅವಳ ಹಿಂದಿನಿಂದ ಎದುರಾಳಿಯೊಬ್ಬಳು ಕಳ್ಳಹೆಜ್ಜೆಯಲ್ಲಿ ಬುಟ್ಟಿಯತ್ತ ಹೊರಟಿದ್ದಳು. ಮಾರ್ಲಾಳ ಎದೆಯ ಒಳಗಿನಿಂದ, ಹತ್ತೊಂಬತ್ತು ವರ್ಷ ಕೂತದ್ದರ ಕೆಳಗಿನಿಂದ, ದನಿ ಬಂತು: "ಬೆನ್ನು. ಬೆನ್ನು ನೋಡ್ಕೋ."

ಹುಡುಗಿ ತಿರುಗಿದಳು, ಕೈ ಹಾಕಿದಳು, ಚೆಂಡು ಅವಳ ಬೆರಳಿಗೆ ತಾಗಿ ಹೊರಗೆ ಹೋಯಿತು. ಕೆಳಗೆ ಇನ್ನೊಬ್ಬರೂ ತಿರುಗಿದರು. ಆ ಕೂಗನ್ನು, ಮೊದಲಕ್ಷರಕ್ಕೆ ಒತ್ತು ಕೊಟ್ಟು ಕೊನೆಯದನ್ನು ನುಂಗುವ ಆ ರೀತಿಯನ್ನು, ಮಾರ್ಲಾಳಿಗೆ ಕಲಿಸಿದವಳೇ ಕಾನಿ. ಕೂತ ಜನದ ನಡುವೆ ನಿಂತಿದ್ದವಳು ಒಬ್ಬಳೇ. ಕಪ್ಪು ಕೋಟು. ಕಾನಿ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಅವಳ ಮುಖದ ತುಂಬ ನಗು ಹರಡಿತು, ಆಟದ ನಡುವೆಯೇ, ಸೋಲುತ್ತಿರುವಾಗಲೇ, ಕೈ ಎತ್ತಿ ಬೀಸಿದಳು. ಆ ನಗು ಮಾರ್ಲಾಳಿಗೆ ಕಪಾಳಕ್ಕೆ ಬಿದ್ದ ಹಾಗೆ ಬಿತ್ತು. ಕೂತಳು. ತಟ್ಟೆಯ ಚಿಲಿಯ ಮೇಲೆ ಕೆನೆ ಕಟ್ಟಿತ್ತು.

"ನೀವೂ ಕೋಚಾ?" ಎಂದಳು ಆರ್ಡಿತ್, ಅವಳನ್ನು ಹೊಸದಾಗಿ ನೋಡುತ್ತಾ.

"ಸಹಾಯಕಿ."

"ಗಂಟಲು ಸಹಾಯಕಿಯದಲ್ಲ," ಎಂದು ಆರ್ಡಿತ್ ದಿಂಬು ಸರಿಮಾಡಿಕೊಂಡಳು.

ಆಟ ಒಂಬತ್ತು ಪಾಯಿಂಟಿನ ಅಂತರದಲ್ಲಿ ಸೋತುಹೋಯಿತು. ಜನ ಕೋಟು ತೊಟ್ಟು, ಹಿಮದ ಮಾತಾಡುತ್ತಾ, ಬೈಯದೆ ಇಳಿದರು. ಬೈಯದಿರುವುದು ಒಳ್ಳೆಯ ಗುರುತೋ ಕೆಟ್ಟದ್ದೋ ಎಂದು ಮನಸ್ಸು ಹಳೆಯ ಚಾಳಿಯಂತೆ ಕೇಳಿಕೊಂಡಿತು. ಬೈಯುವ ಆಸೆಯೂ ಸತ್ತಿರಬಹುದು, ಇಲ್ಲವೇ ಇವರು ಸೋತವರನ್ನು ಮನೆಯವರೆಂದು ತಿಳಿದಿರಬಹುದು. ಮೇಲೆ ಗಾಜಿನ ಕಿಟಕಿಯ ಕೋಣೆಯಲ್ಲಿ ದೀಪ ಹತ್ತಿತ್ತು. ಅಲ್ಲಿ ಲಿಂಡಾಲ್ ಕಾಯುತ್ತಿದ್ದ. ಮೆಟ್ಟಿಲ ಬುಡದಲ್ಲಿ ಕಾನಿ ಕಾಯುತ್ತಿದ್ದಳು.

"ಏನೇ ಇದು, ಮೂರು ಗಂಟೆ ಓಡಿಸ್ಕೊಂಡು ನಾನು ಸೋಲೋದು ನೋಡೋಕೆ ಬಂದ್ಯಾ?" ಎಂದು ಅವಳನ್ನು ಎಳೆದು ಅಪ್ಪಿಕೊಂಡಳು. ಮೈಯಲ್ಲಿ ನೋವಿನ ಮುಲಾಮಿನ ವಾಸನೆ, ಅದೇ. "ಒಂದು ಮಾತು ಹೇಳಿದ್ರೆ ಕೆಳಗೆ ಸೀಟು ಇಡಿಸ್ತಿರ್ಲಿಲ್ವಾ, ಪಾರಿವಾಳದ ಥರ ಮೇಲೆ ಕೂತಿದ್ದೀಯ. ಬಾ, ಹುಡುಗೀರು ಮೋರೆ ಸಪ್ಪೆ ಮಾಡ್ಕೊಂಡು ಕೂತಿದಾರೆ, ನಿನ್ನ ತೋರಿಸ್ತೀನಿ."

ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಡುಗಿಯರು ಕಾಲಿಗೆ ಐಸು ಕಟ್ಟಿಕೊಂಡು ಕೂತಿದ್ದರು. ಇವಳು ನನ್ನ ಹುಡುಗಿ, ಎಂದಳು ಕಾನಿ. ಎಷ್ಟು ಒಳ್ಳೆಯ ಆಟಗಾರ್ತಿಯಾಗಿದ್ದಳು ಅಂತ ಹೇಳಲಿಲ್ಲ, ದೊಡ್ಡ ವಿಶ್ವವಿದ್ಯಾಲಯದ ಹೆಸರನ್ನೂ ಹೇಳಲಿಲ್ಲ. "ನನ್ನ ಹುಡುಗಿ. ಇವತ್ತು ನಿಮಗೆ ಬೆನ್ನು ಅಂತ ಕೂಗಿ ಎರಡು ಪಾಯಿಂಟು ಉಳಿಸಿದ್ದು ಇವಳು. ನಿಮ್ಮಲ್ಲಿ ಒಬ್ಬಳಾದ್ರೂ ಹಂಗೆ ಕೂಗಿದ್ರೆ ನಾನು ಇವತ್ತು ಐಸ್‌ಕ್ರೀಮ್ ಕೊಡಿಸ್ತಿದ್ದೆ." ಹನ್ನೊಂದನೇ ನಂಬರಿನವಳು ತಲೆಯೆತ್ತಿ ಮಾರ್ಲಾಳನ್ನು ಅಳೆಯುವ ಹಾಗೆ ನೋಡಿದಳು. ಮಾರ್ಲಾ ನೆಲ ನೋಡಿದಳು.

ಹುಡುಗಿಯರು ಒಬ್ಬೊಬ್ಬರೇ ಹೋದ ಮೇಲೆ ಕಾನಿ ಉದ್ದ ಬೆಂಚಿನ ಮೇಲೆ ಕೂತು ಶೂ ಬಿಚ್ಚತೊಡಗಿದಳು. ಬಗ್ಗಿದ್ದ ಬಿಳಿ ತಲೆಯ ನಡುವೆ ಬೈತಲೆ ಗುಲಾಬಿಯಾಗಿ ಕಾಣುತ್ತಿತ್ತು, ಎಳೆಮಗುವಿನ ನೆತ್ತಿಯ ಹಾಗೆ. ಈಗ, ಅಂದುಕೊಂಡಳು ಮಾರ್ಲಾ. ಇನ್ನೊಂದು ಶೂ ಬಿಚ್ಚಿದ ಮೇಲೆ. ಇನ್ನೊಂದು ಶೂವನ್ನೂ ಬಿಚ್ಚಿದ್ದಾಯಿತು.

"ಕೋಚ್," ಎಂದಳು. ಮೂವತ್ತು ವರ್ಷದಿಂದ ಬೇರೆ ಹೆಸರಿನಲ್ಲಿ ಕರೆದೇ ಇಲ್ಲ. "ನಾನು ನಿಮ್ಮನ್ನ ನೋಡೋಕೆ ಬಂದಿದ್ದಲ್ಲ. ಲಿಂಡಾಲ್ ಕರೆಸಿದ್ದು. ನಿಮ್ಮ ಕೆಲಸಕ್ಕೆ. ನಿಮಗೆ ಗೊತ್ತಿದೆ ಅಂತ ಹೇಳಿದ್ದ."

ಕಾನಿ ಶೂವನ್ನು ಕೈಯಲ್ಲಿ ಹಿಡಿದೇ ಇದ್ದಳು. ಅದರ ಒಳಗೆ ಏನೋ ಬಿದ್ದಿದೆಯೇನೋ ಅನ್ನುವ ಹಾಗೆ ನೋಡಿದಳು. ಗೋಡೆಯೊಳಗಿನ ಕೊಳವೆಯಲ್ಲಿ ನೀರು ಹರಿದು ನಿಂತಿತು.

"ಯಾವಾಗ ಕರೆದ?"

"ಎರಡು ವಾರ ಆಯ್ತು."

"ಎರಡು ವಾರ. ನನ್ನ ನಂಬರು ಕಳ್ಕೊಂಡಿದ್ದಾ?"

"ಇಲ್ಲ. ಇತ್ತು."

"ಹ್ಞೂಂ." ಶೂಗಳನ್ನು ಜೋಡಿಸಿ ಬೆಂಚಿನ ಕೆಳಗೆ ಇಟ್ಟಳು, ಮೂತಿ ಒಂದೇ ಕಡೆ ಬರುವ ಹಾಗೆ. "ನಾಳೆ ಬೆಳಿಗ್ಗೆ ಆ ಎಡಗೈ ಹುಡುಗಿ ಮನೆಗೆ ಹೋಗೋಕೆ ಬಟ್ಟೆ ಇಸ್ತ್ರಿ ಮಾಡಿಸಿಟ್ಟಿದ್ದೆ." ದನಿ ಏರಿಸದೆ ಕೇಳಿದಳು: "ಈಗ ಹೇಳಿದ್ಯಲ್ಲ, ಯಾರಿಗೋಸ್ಕರ ಹೇಳ್ದೆ ಮಾರ್ಲಾ? ನನಗೋಸ್ಕರನಾ, ಇವತ್ತು ರಾತ್ರಿ ನಿನಗೆ ನಿದ್ದೆ ಬರಲಿ ಅಂತನಾ?"

ಚೆಂದದ ಉತ್ತರಗಳು ಒಂದೆರಡು ಇದ್ದವು. "ಎರಡೂ ಇರಬಹುದು," ಎಂದಳು ಮಾರ್ಲಾ. "ಆ ಎಡಗೈ ಹುಡುಗಿಯ ತಾಯಿಯೂ ಮನಸ್ಸಲ್ಲಿದ್ದಳು ಅಂದ್ಕೋತೀನಿ. ನನಗೆ ಗೊತ್ತಿಲ್ಲ ಕೋಚ್."

"ಗೊತ್ತಿಲ್ಲ ಅಂದದ್ದು ಒಳ್ಳೇದಾಯ್ತು. ನನಗೋಸ್ಕರ ಅಂದಿದ್ರೆ ಈ ಶೂನಲ್ಲೇ ಹೊಡೀತಿದ್ದೆ." ಕಾನಿ ಕಾಲುಬೆರಳುಗಳನ್ನು ಹಿಚುಕಿಕೊಂಡಳು. ಕಣ್ಣು ಕೆಂಪಾಗಿತ್ತು, ಆದರೆ ನೀರು ಇಳಿಯಲಿಲ್ಲ. ಇಳಿಯಲು ಅವಳು ಬಿಡುವುದೂ ಇಲ್ಲ, ಮಾರ್ಲಾಳ ಎದುರಿಗೆ ಇನ್ನು ಯಾವತ್ತೂ ಬಿಡುವುದಿಲ್ಲ. ಆ ಬಾಗಿಲು ಮುಚ್ಚಿದ ಸದ್ದು ಮಾರ್ಲಾಳಿಗೆ ಕೇಳಿಸಿತು. "ಸರಿ. ನೋಡಿದ್ಯಲ್ಲ ಎಲ್ಲಾ. ಹೇಳು. ಹೇಗಿದೆ ನನ್ನ ಕೆಲಸ?"

ಅದು ಅಣಕವೇ ಎಂದು ಮುಖ ನೋಡಿದಳು. ಅಲ್ಲ. ಕಸುಬಿನವಳು ಕಸುಬಿನವಳನ್ನು ಕೇಳುತ್ತಿದ್ದಳು.

"ಕೆಟ್ಟ ಕೆಲಸ," ಎಂದಳು ಮಾರ್ಲಾ. "ದೂರ. ಹುಡುಗೀರು ಸಿಗಲ್ಲ. ಅಭ್ಯಾಸಕ್ಕೆ ಜಾಗ ಇಲ್ಲ. ಇಲ್ಲಿಂದ ಮೇಲೆ ಹೋಗೋ ದಾರಿ ಇಲ್ಲ. ಅದಕ್ಕಿಂತ ಕೆಟ್ಟದ್ದು ಅಂದ್ರೆ ಮೇಲೆ ಕೂತಿರೋನು. ನಿಮಗೆ ಮಾಡಿದ್ದನ್ನ ನನಗೂ ಮಾಡ್ತಾನೆ."

"ಬಾರಲ್ಲಿ ಹೇಳೋ ಮಾತು. ಆಮೇಲೆ?"

"ಆಮೇಲೆ ಏನಿಲ್ಲ. ನನಗೆ ಬೇಕು."

ಹೇಳಿದ ಮೇಲೆ ಅದು ಎಷ್ಟು ಚಿಕ್ಕ ಮಾತು ಅನ್ನಿಸಿತು. ಯಾಕೆ ಬೇಕು ಎಂದು ಕಾನಿ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಹೊಸ ಸೊಂಟದ ಮುದುಕಿ ನಿಲ್ಲುತ್ತಾಳೆ ಅಂತಲ್ಲ. ನಿಲ್ಲುವವರು ಎಲ್ಲ ಊರಿನಲ್ಲೂ ಇರುತ್ತಾರೆ, ಎಲ್ಲ ಊರಿನಲ್ಲೂ ಒಂದು ದಿನ ಮನೆಗೆ ಹೋಗುತ್ತಾರೆ. ಮೇಲಿನ ಸಾಲಿನಲ್ಲಿ ತನ್ನ ಗಂಟಲಿನಿಂದ ಆ ದನಿ ಬಂದಾಗ, ಅದನ್ನು ಕೇಳಿ ಗುರುತಿಲ್ಲದ ಹುಡುಗಿಯೊಬ್ಬಳು ತಿರುಗಿದಾಗ, ಮೈಯೊಳಗೆ ಏನೋ ತನ್ನ ಜಾಗಕ್ಕೆ ಬಂದು ಕೂತಿತ್ತು, ಜಾರಿದ ಮೂಳೆ ಕೂತ ಹಾಗೆ. ಅಷ್ಟೇ. ಅಳತೆಗೋಲು ಅದಕ್ಕೆ ಇರಲಿಲ್ಲ.

"ನನ್ನ ಎದುರಿಗೇ ಹೇಳ್ತೀಯಲ್ಲೇ," ಎಂದಳು ಕಾನಿ.

"ಹ್ಞೂಂ ಕೋಚ್."

"ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗು." ಮಾರ್ಲಾ ಬಾಗಿಲಿನ ಹಿಡಿಗೆ ಕೈಹಾಕಿದಾಗ ಹಿಂದಿನಿಂದ ಇನ್ನೊಂದು ಮಾತು ಬಂತು, ಅಂಗಳದಲ್ಲಿ ಕೊಡುತ್ತಿದ್ದ ಆಜ್ಞೆಗಳ ಅದೇ ಒಣ ದನಿಯಲ್ಲಿ. "ಅವನ ಕೋಣೇಲಿ ಬಂದವರಿಗೆ ಅಂತ ಇಟ್ಟಿರೋ ಕುರ್ಚಿ ತಗ್ಗು. ಕೂತ್ರೆ ತಲೆ ಎತ್ತಿ ಅವನ ಗದ್ದ ನೋಡ್ಬೇಕಾಗತ್ತೆ."

ಮೆಟ್ಟಿಲು ಹತ್ತುವಾಗ ಮಂಡಿ ಪ್ರತಿ ಹೆಜ್ಜೆಗೂ ಕಟಕಟ ಅಂದಿತು. ಲಿಂಡಾಲ್ ನಗುತ್ತಾ ಎದ್ದು ಬಂದ, ಎಳೆಯ ಮುಖದ, ಶುಭ್ರವಾದ ಮನುಷ್ಯ. ಕಾಫಿ ತರಿಸಲೇ ಅಂದ, ಹೇಗನ್ನಿಸಿತು ನಮ್ಮ ಊರು ಅಂದ, ಕುರ್ಚಿ ತೋರಿಸಿದ. ತಗ್ಗಾಗಿತ್ತು ನಿಜ. ಅವನ ಬೆನ್ನ ಹಿಂದಿನ ಗಾಜಿನಲ್ಲಿ ಖಾಲಿ ಅಂಗಳ ಕಾಣುತ್ತಿತ್ತು.

"ನಿಂತೇ ಹೇಳ್ತೀನಿ," ಎಂದಳು ಮಾರ್ಲಾ. "ಕಾನಿಗೆ ನೀವು ಹೇಳಿಲ್ಲ. ಈಗ ನಾನು ಹೇಳಿ ಬಂದೆ."

ನಗು ಅವನ ಮುಖದಿಂದ ಒಮ್ಮೆಲೇ ಹೋಗಲಿಲ್ಲ. ಕರೆಂಟು ಹೋದ ಮೇಲೂ ತಿರುಗುವ ಫ್ಯಾನಿನ ಹಾಗೆ ಸ್ವಲ್ಪ ಹೊತ್ತು ತಿರುಗಿ ನಿಂತಿತು. "ಅದು ನಿಮ್ಮ ಕೆಲಸ ಆಗಿರ್ಲಿಲ್ಲ," ಎಂದ.

"ಅಲ್ಲ. ನಿಮ್ಮದಾಗಿತ್ತು. ನಾಳೆ ಬೆಳಿಗ್ಗೆ ಅವರು ಒಂದು ಮನೆಗೆ ಹೋಗಿ ಮಾತು ಕೊಡೋರಿದ್ರು. ಅದಕ್ಕೆ ಮುಂಚೆ ನೀವು ಕೆಳಗೆ ಹೋಗಿ ಅವರ ಮುಖ ನೋಡಿ ಮಾತಾಡ್ಬೇಕು. ಆಮೇಲೆ ಕೆಲಸ ಖಾಲಿ ಆದ್ರೆ ನಾನು ಅರ್ಜಿ ಹಾಕ್ತೀನಿ. ಎಲ್ಲರ ಹಾಗೆ, ಎಲ್ಲರಿಗೂ ಗೊತ್ತಾಗೋ ಹಾಗೆ."

"ನಿಮ್ಮ ಅರ್ಜಿಯನ್ನ ನಾನು ಯಾಕೆ ನೋಡ್ಲಿ, ಇಷ್ಟಾದ ಮೇಲೆ?"

"ನೋಡದೇ ಇರಬಹುದು," ಎಂದಳು. "ಆದ್ರೂ ಹಾಕ್ತೀನಿ. ನಿಮ್ಮ ಹನ್ನೊಂದನೇ ನಂಬರಿನವಳ ಕೈಗೆ ಚೆಂಡು ಬರ್ತಿಲ್ಲ. ಅದನ್ನ ಹೇಗೆ ಸರಿಮಾಡ್ಬೇಕು ಅಂತ ನನಗೆ ಗೊತ್ತು. ಅದೂ ಅರ್ಜೀಲಿ ಇರತ್ತೆ."

ಲಿಂಡಾಲ್ ಮೇಜಿನ ಮೇಲಿನ ಪೆನ್ನನ್ನು ಸರಿಸಿದ, ಮತ್ತೆ ಮೊದಲಿನ ಜಾಗದಲ್ಲೇ ಇಟ್ಟ. ಬೈಯುತ್ತಾನೆ, ಹೊರಗೆ ಹೋಗು ಅನ್ನುತ್ತಾನೆ ಎಂದು ಕಾದಳು. ಅವನು ಬದಲಿಗೆ ದನಿಯನ್ನು ಮೆತ್ತಗೆ ಮಾಡಿಕೊಂಡ. "ನೋಡಿ, ಕೋಪದ ಬಿಸಿಯಲ್ಲಿ ಏನೂ ಬೇಡ. ಸೋಮವಾರ ನಾನು ಕಾನಿ ಜೊತೆ ಮಾತಾಡ್ತೀನಿ. ಆಯ್ತಾ? ಸೋಮವಾರ ಖಂಡಿತ. ಈಗ ಕೂತ್ಕೊಳ್ಳಿ ಮಾರ್ಲಾ. ಕಾಲು ನೋಯ್ತಿರೋದು ಕಾಣತ್ತೆ."

ಕಾಲು ನಿಜಕ್ಕೂ ನೋಯುತ್ತಿತ್ತು. ಕುರ್ಚಿಯ ಅಂಚು ಅವಳ ಮಂಡಿಯ ಹಿಂದೆಯೇ ಇತ್ತು, ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಅದೇ ಎತ್ತಿಕೊಳ್ಳುತ್ತಿತ್ತು. ಅವನ ಅಂಗೈ ಮೇಜಿನ ಮೇಲೆ ಕೆಳಮುಖವಾಗಿ ಮೆಲ್ಲನೆ ಒತ್ತುತ್ತಿತ್ತು, ಅವನಿಗೇ ಗೊತ್ತಿಲ್ಲದೆ. ಕೆಳಗೆ, ಗಾಜಿನಾಚೆ, ಬರಿಗಾಲಿನ ಬಿಳಿತಲೆಯ ಹೆಂಗಸೊಬ್ಬಳು ಅಂಗಳಕ್ಕೆ ಬಂದು, ನಡುವಿನ ಗೀಟಿನ ಮೇಲೆ ಕೈ ಹಿಂದೆ ಕಟ್ಟಿ ನಿಂತು, ಈ ಕೋಣೆಯ ದೀಪದ ಕಡೆ ತಲೆ ಎತ್ತಿದಳು.

"ಸೋಮವಾರ ಲೆಕ್ಕಕ್ಕಿಲ್ಲ," ಎಂದಳು ಮಾರ್ಲಾ. "ಅವರು ಕೆಳಗೇ ಇದಾರೆ. ನೀವು ಹೋಗಿ ಬನ್ನಿ. ನಾನು ಇಲ್ಲೇ ನಿಂತಿರ್ತೀನಿ."

ಭಾರವನ್ನು ಬಲಗಾಲಿಗೆ ಬದಲಿಸಿ, ಕಪ್ಪು ಕೋಟಿನ ಗುಂಡಿ ಹಾಕಿಕೊಂಡು, ನಿಂತಳು.